ಭಾನುವಾರದ ಮೇಲೆ ನಿಂತ ಬಾಣ

ಪುಟ್ಟೀ,

ಅಡುಗೆ ಒಲೆಯ ಮೇಲಿದೆ. ಬಿಸಿ ಮಾಡಿಕೊಂಡು ತಿನ್ನು, ತಣ್ಣಗಿದ್ದುದನ್ನೇ ನುಂಗಿ ಮಲಗಬೇಡ. ಒದ್ದೆ ಟವೆಲ್ ಮತ್ತೆ ಹಾಸಿಗೆಯ ಮೇಲಿತ್ತು! ಎಷ್ಟು ಸಲ ಬಡಿದುಕೊಳ್ಳಲಿ?

ನೀನು ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬರುವಷ್ಟರಲ್ಲಿ ನಾನು ಪ್ರೆಸ್ಸಿಗೆ ಹೊರಟಿರುತ್ತೇನೆ. ಒಂದೇ ಮನೆಯಲ್ಲಿದ್ದೂ ಮುಖ ನೋಡಿ ಹನ್ನೊಂದು ದಿನವಾಯಿತು.

"ಅಪ್ಪಾ, ಸುಮ್‌ಸುಮ್ನೆ ಫೋನ್ ಮಾಡಿ ಎಬ್ಬಿಸ್ಬೇಡ, ಇದನ್ನ ನೋಡ್ಕೊಂಡು ಮಾಡು" ಎಂದು ಕಂಪ್ಯೂಟರಿನ ಪರದೆಯನ್ನೇ ರೆಕಾರ್ಡ್ ಮಾಡಿ ಚಲಿಸುವ ಚಿತ್ರಗಳನ್ನು ಮಾಡಿಟ್ಟೆಯಲ್ಲ, ಅವೆಲ್ಲ ನನಗೆ ಬಾಯಿಪಾಠ. ಕರೆಂಟ್ ಬಿಲ್ ಕಟ್ಟುವುದು, ಫೋಟೋ ಕಳಿಸುವುದು, ಎಲ್ಲಾ ಬರುತ್ತದೆ. ಆದರೂ ಇನ್ನೊಂದು ಮಾಡಿಕೊಡು ಎಂದು ಕಾಡುತ್ತಲೇ ಇದ್ದೆ. ಬಯ್ಯಬೇಡ. ಒತ್ತುವ ಮೊದಲು ನಿನ್ನ ಮೌಸಿನ ಬಾಣ ಬಟನ್ನಿನ ಸುತ್ತ ಎರಡು ಸುತ್ತು ಹಾಕುತ್ತದೆ. ಸಂಜೆ ಅದನ್ನು ನೋಡುತ್ತಾ ಊಟ ಮಾಡುತ್ತೇನೆ.

ಇವತ್ತು ನೀನು ರೆಕಾರ್ಡ್ ಮಾಡುವ ಅದೇ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ನಾನೇ ಒಂದು ಮಾಡಿದ್ದೇನೆ. ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆ ರಜೆ ಎಂದು ಗುರುತು ಹಾಕುವುದು ಹೇಗೆ ಅಂತ. ನಿನಗೆ ಗೊತ್ತಿರುವುದೇ. ಆದರೂ ನೋಡು.

ಸ್ವಲ್ಪ ಉದ್ದವಾಗಿದೆ. ರೆಕಾರ್ಡ್ ನಿಲ್ಲಿಸುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ನೀನೇ ಬೇಗ ಬಂದೆ ಎಂದು ಎದ್ದುಹೋಗಿ ಬಾಗಿಲು ತೆಗೆದೆ. ಮೇಲಿನ ಮನೆಯವರು. ಅವರು ಹತ್ತಿಹೋದ ಮೇಲೂ ಅಲ್ಲೇ ನಿಂತುಬಿಟ್ಟೆ. ಅಷ್ಟು ಹೊತ್ತೂ ಬಾಣ ಭಾನುವಾರದ ಮೇಲೇ ನಿಂತಿದೆ, ಆರು ನಿಮಿಷ.

ಹೆಚ್ಚಾದದ್ದನ್ನು ಕತ್ತರಿಸುವುದು ನನಗೆ ಬರುತ್ತದೆ. ಕತ್ತರಿಸಲಿಲ್ಲ.

ಅಪ್ಪ