ಅವರೆ ಬೀಜದ ಬಾಟಲಿ

ತಮ್ಮಾ ಮೋಹಿತ್,

ನಿನ್ನ ಬಾಟಲಿಯನ್ನು ನಾನು ಮುಟ್ಟಿದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಹೋದ ವರ್ಷದ ಯುಗಾದಿಗೆ ನೀನು ಬಸರೀಕಟ್ಟೆಯ ನಮ್ಮ ಮನೆಗೆ ಬಂದದ್ದೇ ಕೊನೆ. ಇಷ್ಟು ವರ್ಷದಿಂದ ಅದೇನು ಸಂಶೋಧನೆ ಎಂದು ಅಮ್ಮ ಕೇಳಿದ್ದಕ್ಕೆ ನೀನು, ಅವಳು ಬೂದಿ ಸವರಿ ಎತ್ತಿಟ್ಟಿದ್ದ ಚಪ್ಪರದವರೆ ಬೀಜದ ಬಾಟಲಿ ತೆಗೆದು, ಒಗ್ಗರಣೆ ಡಬ್ಬಿಯ ಸಾಸಿವೆಯನ್ನೆಲ್ಲ ಅದರೊಳಗೆ ಸುರಿದೆ.

"ಎಂತ ಮಾಡ್ತೀಯ ಮಾರಾಯ, ಬಿತ್ತೋ ಬೀಜಕ್ಕೆ ಒಗ್ಗರಣೆ ಹಾಕ್ತೀಯಾ?" ಎಂದು ಅಮ್ಮ ಕೂಗಿದಳು. ನೀನು ನಗುತ್ತಾ ಮುಚ್ಚಳ ಬಿಗಿದು ಅಲ್ಲಾಡಿಸಿದೆ. ಸಾಸಿವೆ ಸಂದುಗಳಲ್ಲಿ ಜಾರಿ ಕೆಳಗಿಳಿಯಿತು. ಅವರೆ ಮೇಲೆ ಬಂತು.

"ಇನ್ನೂ ಜೋರಾಗಿ ಅಲ್ಲಾಡಿಸಿದ್ರೆ ಕಾಳೆಲ್ಲ ಗಾಳಿ ಥರ ಹಾರಾಡ್ತವೆ ಅಮ್ಮ. ಆದ್ರೆ ಗಾಳಿ ಅಲ್ಲ. ಡಿಕ್ಕಿ ಹೊಡೆದಾಗೆಲ್ಲ ಸ್ವಲ್ಪ ಓಟ ಕಳ್ಕೊಳ್ತವೆ. ಕೈ ನಿಲ್ಲಿಸಿದ್ರೆ ಎಲ್ಲ ಸುಮ್ನೆ. ಕಾಳು ಎಷ್ಟು ಕುಣಿಯುತ್ತೋ ಅದಕ್ಕೆ ನಾವು ಬಿಸಿ ಅಂತೀವಿ. ಇನ್ನೊಂದು ವಿಚಿತ್ರ, ಬಾಟ್ಲಿ ಒಂದೇ, ಕೈ ಒಂದೇ, ಆದ್ರೂ ದೊಡ್ಡ ಕಾಳಿನ ಬಿಸಿ ಬೇರೆ, ಸಣ್ಣದರ ಬಿಸಿ ಬೇರೆ."

"ಹಾಗಾದ್ರೆ ಮೊರ ಹಿಡಿಯೋ ನಂಗೂ ಒಂದು ಡಾಕ್ಟರ್ ಪಟ್ಟ ಕೊಡ್ಸು" ಎಂದಳು ಅಮ್ಮ.

ಎರಡೂ ಪೂರ್ತಿ ಬೇರೆಯಾಗುತ್ತವಾ ಎಂದು ನಾನು ಕೇಳಿದೆ. "ಇಲ್ಲ ಅಕ್ಕ, ಎಷ್ಟು ಅಲ್ಲಾಡಿಸಿದ್ರೂ ಒಂದೆರಡು ಉಳಿದೇ ಉಳಿತವೆ" ಎಂದು ನೀನು ಬಾಟಲಿಯನ್ನು ಅಡುಗೆಮನೆಯ ಹಲಗೆಯ ಮೇಲಿಟ್ಟೆ. ಊರು ಬಿಟ್ಟ ಸ್ವಲ್ಪ ದಿನಕ್ಕೇ ಹಾಸ್ಟೆಲಿನಲ್ಲಿ ಜ್ವರ ಬಂತು. ನೀನು ಮತ್ತೆ ಮನೆಗೆ ನಡೆದು ಬರಲಿಲ್ಲ.

ನೀನು ಹೋದ ಮೇಲೆ ಅಮ್ಮ ಬೇಗನೆ ತೋಟದ ಕೆಲಸಕ್ಕೆ ಮರಳಿದಳು. ಅಲ್ಲಿ ಮಾತಾಡುತ್ತಾಳೆ, ಜಗಳವಾಡುತ್ತಾಳೆ, ಮನೆಗೆ ಬಂದು ಮಲಗುತ್ತಾಳೆ. ನನಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಕಾಲೇ ಆಡುತ್ತಿರಲಿಲ್ಲ. ಅವಳಿಗೆ ದುಃಖವೇ ಇಲ್ಲವಲ್ಲ ಎಂದು ಸಿಟ್ಟು ಬರುತ್ತಿತ್ತು. ಆಮೇಲೆ ನಿನ್ನ ಮಾತು ನೆನಪಾಯಿತು. ಬಾಟಲಿ ಒಂದೇ, ಬಿಸಿ ಬೇರೆ.

ಆ ಬಾಟಲಿಯನ್ನು ಮಾತ್ರ ನಾನು ಅಲುಗಿಸಲಿಲ್ಲ. ಮೇಲಿನ ಒಂದು ಅವರೆ ಗಾಜಿಗೆ ಒರಗಿ ನೆಟ್ಟಗೆ ನಿಂತಿತ್ತು. ಅದನ್ನು ಹಾಗೆ ನಿಲ್ಲಿಸಿದ್ದು ನಿನ್ನ ಕೈ. ಹಲಗೆ ಒರೆಸುವಾಗಲೂ ಬಾಟಲಿಯ ಸುತ್ತ ಬಟ್ಟೆ ಆಡಿಸಿ ಬಿಡುತ್ತಿದ್ದೆ. ಹೋದ ವರ್ಷ ನಮ್ಮ ಚಪ್ಪರ ಖಾಲಿಯೇ ಇತ್ತು.

ಈ ಸಲ ಮೊದಲ ಮಳೆ ಬಿದ್ದ ಮೇಲೆ ಪಕ್ಕದ ಭೈರಮ್ಮ ಬಂದಳು. ಅವಳ ಬೀಜವನ್ನು ಹುಳ ತಿಂದಿತ್ತು. ನಮ್ಮ ಬಾಟಲಿ ಬಿಟ್ಟರೆ ಆ ಅವರೆ ಈಗ ತೋಟದಾಳುಗಳ ಈ ಲೈನಿನಲ್ಲಿ ಯಾರ ಮನೆಯಲ್ಲೂ ಇಲ್ಲ. "ಬೀಜಕ್ಕೆ ಕುಂಕುಮ ಇಟ್ಟು ಪೂಜೆ ಮಾಡ್ತೀಯೇನೆ ಚೇತನಾ? ಈ ವರ್ಷ ಮಣ್ಣಿಗೆ ಬೀಳದಿದ್ರೆ ಅದು ಇನ್ನು ಹುಟ್ಟಲ್ಲ" ಎಂದಳು. ಅವಳು ಹೋದ ಮೇಲೆ ಅಮ್ಮ ನನ್ನ ಪಕ್ಕ ಕೂತಳು.

"ಅವನು ಇಟ್ಟದ್ದು ಅಂತ ನಾನೂ ಮುಟ್ಟಿಲ್ಲ ಮಗಾ. ಆದ್ರೆ ಅದು ಬೀಜ, ಫೋಟೋ ಅಲ್ಲ."

ನಿನ್ನ ಹೆಸರು ಹೇಳದಿದ್ದರೂ ನಿನ್ನ ಬಗ್ಗೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

ಬಾಟಲಿ ಎತ್ತಿದ ಕೂಡಲೇ ಒರಗಿದ್ದ ಬೀಜ ಬಿದ್ದುಹೋಯಿತು. ಬಾಟಲಿ ವಾಲಿ ಎಲ್ಲ ಕಲಸಿಹೋಯಿತು. ಆಮೇಲೆ ನೀನು ಮಾಡಿದಂತೆ ಅಲ್ಲಾಡಿಸಿದೆ. ಸಾಸಿವೆ ಇಳಿಯಿತು. ಅವರೆ ಮೇಲೆ ಬಂತು. ನೀನಿಲ್ಲದೆಯೂ ಬಂತು, ಮೋಹಿತ್. ಅಳುತ್ತಾ ಒಂದೊಂದೇ ಆರಿಸಿದೆ. ಭೈರಮ್ಮನಿಗೊಂದು ಮುಷ್ಟಿ ಕೊಟ್ಟು ಉಳಿದದ್ದನ್ನು ನಾವಿಬ್ಬರೂ ಚಪ್ಪರದ ಬುಡದಲ್ಲಿ ಊರಿದೆವು.

ಹಳೆಯ ಬೀಜವಲ್ಲವೇ, ಎಲ್ಲ ಹುಟ್ಟಲಿಲ್ಲ. ಹುಟ್ಟಿದ್ದು ಸಾಕಷ್ಟಿದೆ. ಇವತ್ತು ಬೆಳಗ್ಗೆ ನೋಡಿದರೆ ಅವರೆಯ ಪಕ್ಕ ಪುಟ್ಟ ಎಲೆಯ ಎರಡು ಸಸಿ. ಅಮ್ಮ ಕಳೆ ಎಂದು ಕೀಳಲು ಹೋದವಳು ಬಗ್ಗಿ ನೋಡಿ ಕೈ ಹಿಂದೆ ತೆಗೆದಳು. ಸಾಸಿವೆ.

"ಹೇಳಿದ್ನಲ್ಲ ಅವನು, ಉಳಿದೇ ಉಳಿತವೆ ಅಂತ" ಎಂದಳು. ಈ ಮಳೆಗೆ ಅವು ನಿಲ್ಲುತ್ತವೋ ಇಲ್ಲವೋ. ಸುತ್ತ ಕಡ್ಡಿ ನೆಟ್ಟು ತೋಟಕ್ಕೆ ಹೋದಳು. ನಾನು ಮೆಷಿನ್ನಿಗೆ ಎಣ್ಣೆ ಬಿಟ್ಟು ಕೂತೆ.

ನೀನಿರುವಲ್ಲಿ ಯಾರೂ ನಿನ್ನನ್ನು ಅಲ್ಲಾಡಿಸದಿರಲಿ, ತಮ್ಮಾ. ತಣ್ಣಗಿರು.

ನಿನ್ನ ಅಕ್ಕ,
ಚೇತನಾ