ನಿನ್ನ ಹೆಸರಿನಲ್ಲಿ ಒಂಬತ್ತು ದಿನ

ಎಲ್ ಹೊಕೋತೆ
6 ನವೆಂಬರ್ 1983, ಭಾನುವಾರ

ಈ ಕಾಗದ ಓದುತ್ತಿರುವವನು ನನ್ನ ಮೊಮ್ಮಗ ರೊಸೆಂದೊ ಅಲ್ಲದಿದ್ದರೆ ಇಲ್ಲಿಗೇ ನಿಲ್ಲಿಸು. ನಿನ್ನ ಮನೆಯಲ್ಲೂ ಒಬ್ಬಳು ಮುದುಕಿ ಇದ್ದಾಳು, ಅವಳ ಕಾಗದ ಕಂಡವರೆಲ್ಲ ಓದಿದರೆ ನಿನಗೆ ಹೇಗಾದೀತು? ಮಡಿಸಿ, ಬ್ರೆಡ್ ಮಾರುವ ಹೆರ್ಮಿನಿಯಾ ಕೈಗೆ ವಾಪಸು ಕೊಡು, ನಾಚಿಕೆಗೆಟ್ಟವನೇ.

ರೊಸೆಂದೊನೇ ಆಗಿದ್ದರೆ ನಿನಗೂ ಬೈಗುಳ ಇದೆ. ನಾಲ್ಕು ತಿಂಗಳು ಒಂದಕ್ಷರ ಬರೆಯದೆ ಇದ್ದು ಈಗ ಎರಡು ಸಾಲು ಗೀಚಿದ್ದೀಯ: ಕ್ರಿಸ್‌ಮಸ್‌ಗೆ ರಜೆ ಸಿಕ್ಕಿದೆ, ಬರುತ್ತೇನೆ, ಕೋಳಿ ಕೊಯ್ದಿಡು ಅಂತ. ಬರಬೇಡ. ಕೋಳಿಯೂ ಇಲ್ಲ, ಅದು ಬೇರೆ ಮಾತು. ಈ ಊರಿನಲ್ಲಿ ನೀನು ಸತ್ತು ಎರಡು ವಾರ ದಾಟಿತು.

ನಾನೂ ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಸಿಸ್ಟರ್‌ಗಳ ಶಾಲೆಯಲ್ಲಿ ಎರಡೇ ವರ್ಷ ಕಲಿತ ಅಕ್ಷರ, ಒಂದೊಂದನ್ನೂ ಕೈಹಿಡಿದು ಎಳೆದು ತರಬೇಕು. ಇದನ್ನು ಸೈನ್ಯದ ಟಪಾಲಿಗೆ ಹಾಕುವ ಹಾಗೂ ಇರಲಿಲ್ಲ. ಹೆರ್ಮಿನಿಯಾ ಬ್ರೆಡ್ಡಿನ ಬುಟ್ಟಿಯ ತಳದಲ್ಲಿಟ್ಟು ನಿಮ್ಮ ಬ್ಯಾರಕ್ಕಿನ ಗೇಟಿಗೆ ತರುತ್ತಾಳೆ. ಓದಿ ಒಲೆಗೆ ಹಾಕು.

ಮೊದಲು ನನ್ನ ಸುಳ್ಳು ಒಪ್ಪಿಕೊಳ್ಳುತ್ತೇನೆ. ನಿನ್ನ ತಮ್ಮ ಅಬೆಲಿನೊ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದಾನೆ ಎಂದು ಪ್ರತಿ ಕಾಗದದಲ್ಲೂ ಬರೆದೆ. ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಸೈನ್ಯಕ್ಕೆಂದು ನಿನ್ನನ್ನು ಬಸ್ಸಿನಿಂದ ಇಳಿಸಿ, ತಲೆ ಬೋಳಿಸಿ, ಲಾರಿ ಹತ್ತಿಸಿದರಲ್ಲ, ಅದಾದ ಐದನೇ ದಿನ ಅವನು ಅಂದ: "ಅಜ್ಜಿ, ಮುಂದಿನ ಸಲ ನನ್ನನ್ನೂ ಹಿಡ್ಕೊಂಡು ಹೋಗ್ತಾರೆ. ಹೋಗೋದೇ ಆದ್ರೆ ಯಾವ ಕಡೆ ಅಂತ ನಾನೇ ಆರಿಸ್ಕೋತೀನಿ." ನಿನ್ನ ಕಂಬಳಿ ಹೊದ್ದು ಗುಡ್ಡ ಹತ್ತಿದ. ಸೈನ್ಯದ ವಿರುದ್ಧ ಬಂದೂಕು ಹಿಡಿದ ಅಲ್ಲಿಯವರ ಜೊತೆ ಸೇರಿದ.

ಅಕ್ಟೋಬರ್‌ನಲ್ಲಿ ಸೈನ್ಯದ ಒಂದು ತುಕಡಿ ಬಂದು ಶಾಲೆಯಲ್ಲಿ ಬೀಡುಬಿಟ್ಟಿತು, ಇನ್ನೂ ಹೋಗಿಲ್ಲ. ಅವರಿಗೆ ರೊಟ್ಟಿ ಸುಡುವ ಕೆಲಸ ನನ್ನ ಪಾಲಿಗೆ ಬಿತ್ತು. ಸಾರ್ಜೆಂಟ್ ಮೊದಲ ದಿನವೇ ಕೇಳಿದ: "ಅಜ್ಜಿ, ಇದು ರೊಟ್ಟಿನಾ, ಬೂಟಿನ ಅಟ್ಟೆನಾ?"

"ನಿನ್ನ ಬೂಟು ಬಿಚ್ಚಿ ಕೊಡು, ಅದನ್ನೂ ಸುಟ್ಟು ಕೊಡ್ತೀನಿ. ಎರಡೂ ತಿಂದು ನೋಡಿ ಹೇಳು" ಅಂದೆ. ಹುಡುಗರು ನಕ್ಕರು. ಎಲ್ಲರೂ ನಿನ್ನ ಹಾಗೆಯೇ, ಬಸ್ಸಿನಿಂದ ಇಳಿಸಿಕೊಂಡವರು. ಅವರಲ್ಲಿ ದೊಡ್ಡ ಕಿವಿಯ ಕಾರ್ಪೊರಲ್ ಒಬ್ಬ, ತೊಬಿಯಾಸ್ ಅಂತ, ದಿನಾ ಸಂಜೆ ನನ್ನ ಕೊಡ ಹೊತ್ತು ತರುತ್ತಿದ್ದ.

ಇಪ್ಪತ್ತನೇ ತಾರೀಕು, ಗುರುವಾರ ಬೆಳಿಗ್ಗೆ, ಊರನ್ನೆಲ್ಲ ಚೆಂಡಾಟದ ಮೈದಾನಕ್ಕೆ ಕರೆದರು. ಮೂರು ಹೆಣ ಮಲಗಿಸಿದ್ದರು, ಗುಡ್ಡದವರದು. ತಮ್ಮವರಿದ್ದರೆ ತೆಗೆದುಕೊಂಡು ಹೋಗಿ ಎಂದರು. ತೆಗೆದುಕೊಂಡು ಹೋದವರ ಮನೆ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ? ನಡುವೆ ಮಲಗಿದ್ದವನ ಮುಖ ಊದಿತ್ತು. ಕಾಲು ಬರಿದಾಗಿತ್ತು. ಎಡಪಾದದ ಮೇಲೆ ಸುಟ್ಟ ಕಲೆ, ಚಿಕ್ಕಂದಿನಲ್ಲಿ ನನ್ನ ರೊಟ್ಟಿಹಂಚು ಬಿದ್ದು ಆದದ್ದು. ನಿನಗೆ ನೆನಪಿರಬೇಕು, ಅಂದು ಅವನನ್ನು ಹೊತ್ತು ಹೊಳೆಗೆ ಓಡಿದವನು ನೀನೇ.

ಸಾರ್ಜೆಂಟ್ ಕೇಳಿದ: "ಇವನು ಯಾರು ಅಜ್ಜಿ?"

"ಗೊತ್ತಿಲ್ಲ. ನೊಣ ಓಡಿಸಿ."

ಅಷ್ಟು ಹೇಳಿ ಬಂದೆ. ನಲ್ಲಿಯ ಹತ್ತಿರ ಬಂದು ಕೂತು ಅತ್ತೆ. ತೊಬಿಯಾಸ್ ಹಿಂದೆಯೇ ಬಂದ. "ಯಾಕಜ್ಜಿ ಅಳ್ತೀರಿ? ಆ ಮೂವರಲ್ಲಿ ನಿಮ್ಮವರು ಯಾರಾದ್ರೂ ಇದ್ದಾರಾ?" ಆಗ ನನ್ನ ಬಾಯಿ ತಾನೇ ಹೇಳಿತು: "ನನ್ನ ಮೊಮ್ಮಗ ನಿಮ್ಮ ಹಾಗೇ ಸಿಪಾಯಿ. ಸತ್ತ ಅಂತ ಸುದ್ದಿ ಬಂತು. ರೊಸೆಂದೊ."

ಒಂದು ಸಾವು ಹೇಳಿದ ಮೇಲೆ ಒಂಬತ್ತು ದಿನದ ಪ್ರಾರ್ಥನೆ ಮಾಡದೆ ಇರಲಾದೀತೇ? ಮಾಡದಿದ್ದರೆ ಯಾಕೆ ಎನ್ನುತ್ತಾರೆ. ಪ್ರಾರ್ಥನೆ ಹೇಳಿಸುವ ಎದುವಿಹೆಸ್ ಬಂದಳು, ಕಿವಿಯ ಹತ್ತಿರ ಬಾಗಿ, "ಯಾವ ಹೆಸರು ಹೇಳ್ಲಿ? ಹೆಸರಿಲ್ದೆ ಹೇಳಿದ್ರೆ ಯಾರಿಗೂ ಮುಟ್ಟಲ್ಲ" ಅಂದಳು. ಎಲ್ಲರಿಗೂ ಕೇಳುವ ಹಾಗೆ ನಿನ್ನ ಹೆಸರು ಹೇಳಿದೆ. ಯೂನಿಫಾರ್ಮಿನ ನಿನ್ನ ಫೋಟೋ ಮೇಜಿನ ಮೇಲಿಟ್ಟು ಮೇಣದಬತ್ತಿ ಹಚ್ಚಿದೆವು. ಅಬೆಲಿನೊನದು ಒಂದೂ ಫೋಟೋ ಇಲ್ಲ, ಹುಬ್ಬು ಇಬ್ಬರದೂ ಒಂದೇ, ಅದನ್ನೇ ನೋಡಿಕೊಂಡು ಕೂತೆ. ಅವರು ರೊಸೆಂದೊ ಎಂದಾಗಲೆಲ್ಲ ನಾನು ಒಳಗೊಳಗೇ ಅವನ ಹೆಸರು ಹೇಳಿದೆ. ಊರ ಹೆಂಗಸರಿಗೆಲ್ಲ ಗೊತ್ತು. ಒಬ್ಬಳೂ ಬಾಯಿ ಬಿಡಲಿಲ್ಲ.

ಸಿಪಾಯಿಗಳೂ ಬಂದರು, ಟೋಪಿ ತೆಗೆದು ಬಾಗಿಲಲ್ಲಿ ನಿಂತರು. ತೊಬಿಯಾಸ್ ಕಾಫಿಗೆ ಸಕ್ಕರೆ ತಂದ. ಸರ್ಕಾರದ ಕಾಗದ ಇನ್ನೂ ಬಂದಿಲ್ಲ ಎಂದು ನಾನು ಹೆದರಿಕೊಂಡೇ ಹೇಳಿದೆ. ಸಾರ್ಜೆಂಟ್ ಅಂದ: "ಬದುಕಿರೋರಿಗೇ ಬೂಟು ಬರಲ್ಲ ಅಜ್ಜಿ, ಸತ್ತೋರ ಕಾಗದಕ್ಕೆ ಏನವಸರ?" ನಮ್ಮವನನ್ನು ಮೈದಾನದ ಹಿಂದಿನ ಗುಂಡಿಗೆ ಹಾಕಿದವರೂ ಇವರೇ, ಅವನಿಗಾಗಿ ಮೊಣಕಾಲೂರಿದವರೂ ಇವರೇ. ನನಗೆ ಇವರ ಮೇಲೆ ಸಿಟ್ಟು ಮಾಡಲೂ ಬರುತ್ತಿಲ್ಲ.

ಈಗ ತಿಳಿಯಿತೇ? ಆ ಫೋಟೋದ ಮುಖ ಹೊತ್ತು ನೀನು ಡಿಸೆಂಬರ್‌ನಲ್ಲಿ ಇಲ್ಲಿ ಬಸ್ಸಿಳಿದರೆ, ಹಾಗಾದರೆ ಅಳು ಯಾರಿಗಾಗಿತ್ತು ಎಂದು ಕೇಳುತ್ತಾರೆ. ನನ್ನೊಬ್ಬಳನ್ನಲ್ಲ, ಪ್ರಾರ್ಥನೆ ಹೇಳಿಸಿದ ಎದುವಿಹೆಸ್‌ಳನ್ನೂ ಎಳೆದುಕೊಂಡು ಹೋಗುತ್ತಾರೆ. ರಜೆಗೆ ಸಾಂತಾ ಅನಾದ ಅತ್ತೆಯ ಮನೆಗೆ ಹೋಗು. ಅವಳ ಅಡುಗೆಗೆ ಉಪ್ಪು ಸಾಲದು, ಸಹಿಸಿಕೋ.

ಕಾಲು ಒದ್ದೆ ಇಟ್ಟುಕೊಳ್ಳಬೇಡ. ಮುಂದಿನ ಸಾಲಿನಲ್ಲಿ ನಿಲ್ಲಬೇಡ. ದೇವಮಾತೆ ನಿನ್ನನ್ನು ತನ್ನ ಸೆರಗಿನಲ್ಲಿ ಇಟ್ಟುಕೊಳ್ಳಲಿ.

ನಿನ್ನ ಅಜ್ಜಿ
ತ್ರಾನ್ಸಿತೊ

ಮರೆತಿದ್ದೆ ಎಂದು ಬರೆಯಬೇಕೆಂದಿದ್ದೆ, ಮರೆತಿರಲಿಲ್ಲ. ಒಂಬತ್ತನೇ ದಿನ ಎಲ್ಲರಿಗೂ ಬಾಳೆಲೆಯಲ್ಲಿ ಬೇಯಿಸಿದ ಜೋಳದ ತಮಾಲೆ ಕಟ್ಟಿ ಕೊಡುತ್ತಿದ್ದಾಗ ನೀನು ಯಾವ ದಳದಲ್ಲಿದ್ದೆ ಎಂದು ತೊಬಿಯಾಸ್ ಕೇಳಿದ. ತೋಳಿನ ಮೇಲೆ ಹಾವಿನ ಗುರುತಿರುವ ದಳ ಅಂದೆ. ಅವನು ನನ್ನ ಕೈ ಹಿಡಿದುಕೊಂಡ. "ಗೊತ್ತಾಯ್ತು ಅಜ್ಜಿ. ಮೈದಾನಕ್ಕೆ ಕರೆದ ಹಿಂದಿನ ದಿನ, ಬುಧವಾರ, ಹಳ್ಳದ ಹತ್ರ ನಮ್ಮ ನೆರವಿಗೆ ಬಂದೋರು ಅವ್ರೇ. ಅವ್ರ ಕಡೆ ಇಬ್ಬರು ಹೋದ್ರು, ಅದ್ರಲ್ಲಿ ನಿಮ್ಮೋನೂ ಒಬ್ಬ ಅನ್ನಿ. ಸಮಾಧಾನ ಮಾಡ್ಕೊಳ್ಳಿ, ಅವನನ್ನ ಕೊಂದೋರು ಉಳೀಲಿಲ್ಲ. ಮೂವರನ್ನೂ ಹಾವಿನ ದಳದೋರೇ ಹೊಡೆದ್ರು, ಮೈದಾನದಲ್ಲಿ ನೀವೇ ನೋಡಿದ್ರಲ್ಲ." ನಾನು ತಲೆಯಾಡಿಸಿದೆ. ಅವನಿಗೆ ಇನ್ನೊಂದು ತಮಾಲೆ ಕೊಟ್ಟೆ.

ಅಕ್ಟೋಬರ್ ಹತ್ತೊಂಬತ್ತು, ಬುಧವಾರ, ನೀನು ಆ ಹಳ್ಳದ ಹತ್ತಿರ ಇದ್ದೆಯಾ? ಮುಖ ನೋಡಿ ಯಾರೂ ಹೊಡೆಯುವುದಿಲ್ಲ, ಅಷ್ಟು ನನಗೂ ಗೊತ್ತು. ಇದ್ದರೆ ಇದ್ದೆ ಎಂದು ಬರೆ, ಇಲ್ಲದಿದ್ದರೆ ಇಲ್ಲ ಎಂದು. ನನ್ನ ಸಮಾಧಾನಕ್ಕೆ ಸುಳ್ಳು ಬರೆಯಬೇಡ, ಈ ಮನೆಯಲ್ಲಿ ಸುಳ್ಳು ಹೇಳುವ ಕೆಲಸ ನನ್ನದು. ಏನೇ ಬರೆದರೂ ನೀನು ನನ್ನ ಮೊಮ್ಮಗನೇ, ಇನ್ನು ನನಗೆ ಉಳಿದಿರುವವನು ನೀನೊಬ್ಬನೇ. ಕೆಳಗೆ ನಿನ್ನ ಹೆಸರು ಹಾಕಬೇಡ, ಕಾಫಿ ತೋಟದಿಂದ ಬಂದ ಹಾಗೆ ಅಬೆಲಿನೊ ಎಂದು ಹಾಕು. ಡಿಸೆಂಬರ್ ಹುಟ್ಟುವ ಮೊದಲು ಹೆರ್ಮಿನಿಯಾ ಕೈಯಲ್ಲಿ ಉತ್ತರ ಕಳಿಸು.