ಮಣ್ಣಿಗೆ ಬಾರದವಳು

ಅತ್ತಿಗೆ,

ದಾನೇಶ್ವರಿಯ ಶರಣು. ಫೋನಿನಲ್ಲಿ ಇದನ್ನೆಲ್ಲ ಹೇಳಲು ಹೋದರೆ ನೀವು "ಆಯ್ತು ಬುಡು, ಇಡ್ಲಾ?" ಎನ್ನುತ್ತೀರಿ. ನಾನೂ "ಇಡಿ" ಎಂದುಬಿಡುತ್ತೇನೆ. ಮಾತು ಇಬ್ಬರಿಗೂ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮಗಳು ನಯನಳ ಕೈಲಿ ಓದಿಸಬೇಡಿ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೀವೇ ಓದಿ.

ಅಣ್ಣನ ಮಣ್ಣಿಗೆ ನಾನು ಬರಲಿಲ್ಲ. ತಂಗಿ ಬಂದಾಳೆಂದು ಸಂಜೆಯವರೆಗೂ ಹೆಣ ಎತ್ತಲು ಬಿಡಲಿಲ್ಲವಂತೆ ನೀವು. ಹಂದನಕೆರೆಯಲ್ಲಿ ಯಾರು ಏನೆಂದರು ಎಂಬುದೂ ನನ್ನ ಕಿವಿಗೆ ಬಿದ್ದಿದೆ. ಊರಿನವರದು ಬಿಡಿ. ನೀವು ನಯನಳಿಗೆ ಹೇಳಿದ್ದು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. "ನಿಮ್ಮತ್ತೆಗೆ ಅಲ್ಲೇ ಜನ ಆಗ್ಬುಟ್ಟವ್ರೆ ಕಣೇ, ನಾವ್ಯಾಕೆ ಬೇಕು" ಎಂದಿರಂತೆ. ನಿಜ ಅತ್ತಿಗೆ. ಇಲ್ಲಿ ನನಗೆ ಜನ ಆಗಿದ್ದಾರೆ. ಹೇಗೆ ಆದರು ಎನ್ನುವುದನ್ನು ನೀವು ಕೇಳಬೇಕು.

ತಿಪಟೂರಿನ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಮುಚ್ಚಿದಾಗ ನನಗೆ ನಲವತ್ತನಾಲ್ಕು ದಾಟಿತ್ತು. ಮದುವೆಯ ಮಾತನ್ನು ಮನೆಯಲ್ಲಿ ಎಲ್ಲರೂ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಮಾಲ್ಡೀವ್ಸ್‌ನ ಒಂದು ದ್ವೀಪದ ಶಾಲೆಗೆ ಕೆಮಿಸ್ಟ್ರಿ ಟೀಚರ್ ಬೇಕಂತೆ ಎಂದಾಗ ಅಣ್ಣ, "ಹೋಗ್ಬಾ ಕಣವ್ವ. ಸರಿ ಬರ್ನಿಲ್ಲ ಅಂದ್ರೆ ಬಂದ್ಬುಡು, ಮನೆ ಎಲ್ಲಿಗೂ ಹೋಗಕಿಲ್ಲ" ಎಂದಿದ್ದ. ನೀವು ನನ್ನ ಪೆಟ್ಟಿಗೆಗೆಂದು ರಾಗಿಹಿಟ್ಟು ಜರಡಿ ಹಿಡಿಯುತ್ತಾ ಕೂತಿದ್ದಿರಿ.

ಇಲ್ಲಿಗೆ ಬಂದ ದಿನ ದೋಣಿಯಲ್ಲಿ ದಾರಿಯುದ್ದಕ್ಕೂ ವಾಂತಿ. ಇಳಿದು ನೋಡಿದರೆ ದಡದಲ್ಲಿ ಅರ್ಧ ಊರೇ ನಿಂತಿತ್ತು. ಮಕ್ಕಳು ಹಾಡು ಹೇಳಿದರು. ಹೆಂಗಸೊಬ್ಬಳು ಎಳನೀರು ಕೆತ್ತಿ ಕೈಗಿಟ್ಟು, "ಇದನ್ನು ಯಾವತ್ತಾದರೂ ಕುಡಿದಿದ್ದೀರಾ ಟೀಚರ್?" ಎಂದು ಕೇಳಿದಳು. ತಿಪಟೂರು ಸೀಮೆಯವಳನ್ನು! ವಿವರಿಸಲು ತ್ರಾಣವಿರಲಿಲ್ಲ. ಇಲ್ಲವೆಂದು ತಲೆಯಾಡಿಸಿ, ಕುಡಿದು, ಬಹಳ ಚೆನ್ನಾಗಿದೆ ಎಂದೆ. ತಗೊಳ್ಳಿ, ಮಾರನೆಯ ದಿನದಿಂದ ಯಾರ ಮನೆ ಮುಂದೆ ಹಾದರೂ ಎಳನೀರು.

ಅವಳೇ ಶರೀಫಾ, ನನ್ನ ಪಕ್ಕದ ಮನೆಯವಳು. ಗಂಡ ಹಸನ್ ಮೀನು ಹಿಡಿಯುವ ದೋಣಿ ಇಟ್ಟುಕೊಂಡಿದ್ದಾನೆ. ತಾಯಿ ಮರಿಯಂ ಹಲ್ಲಿಲ್ಲದ ಮುದುಕಿ, ದಿನವಿಡೀ ಬಾಗಿಲ ಹೊರಗೆ ಹಗ್ಗದ ಬಲೆ ಹೆಣೆದ ಕುರ್ಚಿಯಲ್ಲಿ ಕೂತಿರುತ್ತಾಳೆ. ಮೊದಲ ವಾರ ಅವರು ಕಳಿಸಿದ್ದರಲ್ಲೆಲ್ಲ ಮೀನು. ರೊಟ್ಟಿಗೆ ಕಲಸಿದ ಕಾಯಿತುರಿಯಲ್ಲೂ ಮೀನು. ನಾನು ತಿನ್ನುವುದಿಲ್ಲವೆಂದು ತಿಳಿದ ಮೇಲೆ ಶರೀಫಾ ಬೇರೆ ಪಾತ್ರೆಯಲ್ಲೇ ಬೇಯಿಸಿ, ಬೇಲಿಯಾಚೆಯಿಂದಲೇ "ಮೀನಿಲ್ಲ, ಮೀನಿಲ್ಲ" ಎಂದು ಕೂಗಿಕೊಂಡು ಬರುತ್ತಿದ್ದಳು.

ಇದನ್ನು ಕೇಳಿ ನೀವು ಸಂತೋಷಪಡಬಹುದು. ನನಗೆ ಮಾತ್ರ ಸಾಕುಸಾಕಾಗಿತ್ತು. ಉಪಚಾರ ಮಾಡಿಸಿಕೊಳ್ಳುವುದೂ ಒಂದು ದುಡಿಮೆ ಅತ್ತಿಗೆ. ಪಾಠ ಮುಗಿಸಿ, ಕಾಲು ಊದಿಕೊಂಡು ಬಂದರೆ, ದಾರಿಯಲ್ಲಿ ಪ್ರತಿಯೊಬ್ಬರಿಗೂ ನಗಬೇಕು. ಮಕ್ಕಳೆಷ್ಟು? ಗಂಡ ಎಲ್ಲಿ? ಯಾಕಿಲ್ಲ? ಅವರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಆದರೂ ನಾನು ಸುತ್ತು ಹಾಕಿಕೊಂಡು ಸಮುದ್ರದ ಬದಿಯಿಂದ ಮನೆಗೆ ಬರಲು ಶುರುಮಾಡಿದೆ. ಬಾಗಿಲು ಬಡಿದರೆ ನಿದ್ದೆ ಹೋದವಳಂತೆ ಮಲಗಿರುತ್ತಿದ್ದೆ. ಶರೀಫಾ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು.

ಆ ಬೆಳಿಗ್ಗೆ ನಯನಳ ಫೋನ್ ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. "ಅತ್ತೆ, ಅಪ್ಪ ತೋಟದಲ್ಲಿ ಎದೆ ಹಿಡ್ಕೊಂಡು ಕುಂತವ್ರು ಏಳ್ನೇ ಇಲ್ಲ. ಹೋಗ್ಬುಟ್ರು" ಎಂದಳು. ನಾನು ಅಳಲಿಲ್ಲ. ಲಾಂಚ್ ಎಷ್ಟು ಹೊತ್ತಿಗಿದೆ ಎಂದು ಪಕ್ಕದವರನ್ನು ಕೇಳಿದೆ. ಹಿಂದಿನ ದಿನದಿಂದ ಗಾಳಿ ಎದ್ದು ಲಾಂಚುಗಳೆಲ್ಲ ನಿಂತಿದ್ದವು. ವಿಮಾನ ಇಳಿಯುವ ದ್ವೀಪ ಇಲ್ಲಿಂದ ನೀರಿನ ಮೇಲೆ ಎರಡು ಗಂಟೆಯ ದಾರಿ. ಬೇರೆ ದಾರಿಯಿಲ್ಲ.

ಮನೆಗೆ ಓಡಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ಹಸನ್ ಬಂದು ಬಾಗಿಲಲ್ಲಿ ನಿಂತ. ಅದುವರೆಗೆ ಅವನು ನನ್ನೊಂದಿಗೆ ಮಾತಾಡಿದವನೇ ಅಲ್ಲ. "ಬನ್ನಿ ಟೀಚರ್, ನೋಡೋಣ" ಎಂದ, ಅಷ್ಟೇ. ಹಿಂದೆಯೇ ಬಂದ ಶರೀಫಾ ಅವನ ಮುಖ ನೋಡಿದಳು. ಬೇಡ ಎನ್ನಲಿಲ್ಲ.

ನಾನು ಹೊರಟಿದ್ದೆ ಅತ್ತಿಗೆ. ಇದು ನಿಮಗೆ ಗೊತ್ತಿಲ್ಲ. ದ್ವೀಪದ ಸುತ್ತ ಹವಳದ ದಿಬ್ಬವಿದೆ. ಅದರೊಳಗೆ ನೀರು ಕೆರೆಯ ಹಾಗಿರುತ್ತದೆ. ದಿಬ್ಬ ದಾಟಿದ್ದೇ ತಡ, ದೋಣಿ ಎದ್ದು ಎದ್ದು ಬಿತ್ತು. ಮೇಲಿಂದ ಸುರಿದ ನೀರಿನಲ್ಲಿ ಬ್ಯಾಗು ತೇಲಿಹೋಯಿತು. ನಾನು ಹಲಗೆ ತಬ್ಬಿಕೊಂಡಿದ್ದೆ. ಹಸನ್ ಚುಕ್ಕಾಣಿಗೆ ಎದೆ ಕೊಟ್ಟು ನಿಂತಿದ್ದ, ಅವನ ಹಣೆ ಒಡೆದು ರಕ್ತ ಇಳಿಯುತ್ತಿತ್ತು. ಆದರೂ ತಿರುಗಿ "ಹೋಗೋಣವೇ?" ಎಂದು ನನ್ನನ್ನೇ ಕೇಳಿದ. ನಾನು ಹೂಂ ಎಂದಿದ್ದರೆ ಹೋಗುತ್ತಿದ್ದ.

ಅತ್ತ ಅಣ್ಣನನ್ನು ಮಲಗಿಸಿಕೊಂಡು ನೀವು ಕೂತಿದ್ದಿರಿ. ಇತ್ತ ಶರೀಫಾ ದಡದಲ್ಲಿ ನಿಂತಿದ್ದಳು. ಒಂದೇ ದಿನ ಇಬ್ಬರು ಹೆಂಗಸರು ಗಂಡಂದಿರನ್ನು ಕಳೆದುಕೊಳ್ಳುವುದು ಬೇಡ ಎನಿಸಿತು. "ವಾಪಸ್ ತಿರುಗಿಸು" ಎಂದೆ. ಹಾಗೆಂದವಳು ನಾನೇ. ಸಮುದ್ರವಲ್ಲ, ಹಸನ್ ಅಲ್ಲ. ನೀವು ಫೋನ್ ಮಾಡಿ ಮಾಡಿ ಸಿಗಲಿಲ್ಲ ಎಂದಿರಲ್ಲ, ಅದು ಆ ಹೊತ್ತು. ಫೋನ್ ಬ್ಯಾಗಿನಲ್ಲಿತ್ತು.

ದಡಕ್ಕೆ ಬಂದಾಗ ಶರೀಫಾ ಮೊದಲು ಗಂಡನ ಹಣೆ ಒರೆಸಿದಳು, ಆಮೇಲೆ ನನ್ನ ಕೈ ಹಿಡಿದಳು. ಮನೆಯಲ್ಲಿ ಹೆಂಗಸರು ತುಂಬಿದ್ದರು. ಯಾರೂ ನನ್ನಿಂದ ನಗು ಬಯಸಲಿಲ್ಲ, ಯಾರೂ ಏನೂ ಕೇಳಲಿಲ್ಲ. ಒಬ್ಬಳು ತಲೆ ಒರೆಸಿದಳು, ಇನ್ನೊಬ್ಬಳು ಒಣಬಟ್ಟೆ ಕೊಟ್ಟಳು. ಉಳಿದವರು ಗೋಡೆಗೆ ಒರಗಿ ಸುಮ್ಮನೆ ಕೂತರು. ಬೇರೆ ಫೋನಿನಿಂದ ಮಾಡಿದಾಗ ನಯನ, "ಈಗ ಮಣ್ಣು ಹಾಕ್ತಾವ್ರೆ ಅತ್ತೆ" ಎಂದಳು. ಆಗ ನನಗೆ ಅಳು ಬಂತು. ಗೋಡೆಗೆ ಒರಗಿದ್ದವರೂ ಅತ್ತರು. ನಮ್ಮಣ್ಣ ಯಾರು ಎತ್ತ ಅವರಿಗೇನು ಗೊತ್ತು?

ರಾತ್ರಿ ಮರಿಯಂ ಮುದುಕಿ ನನ್ನ ಪಕ್ಕ ಬಂದು ಕೂತು ಏನೋ ಹೇಳಿದಳು. "ಹೇಗಿದ್ದ ನಿನ್ನ ಅಣ್ಣ, ಹೇಳು ಅಂತಿದ್ದಾಳೆ" ಎಂದಳು ಶರೀಫಾ. ಹೇಳಿದೆ. ಅವನಿಗೆ ನೀರೆಂದರೆ ಭಯ, ಹುಟ್ಟಿದೂರಿನ ಕೆರೆಗೂ ಇಳಿದವನಲ್ಲ, ಪ್ರತಿ ಸಲ ಫೋನಿನಲ್ಲಿ "ನೀರು ನಿನ್ನ ಮನೆಯಿಂದ ಎಷ್ಟು ದೂರದಲ್ಲೈತೆ?" ಎಂದೇ ಕೇಳುತ್ತಿದ್ದ ಎಂದು ಹೇಳಿದೆ. ಅವನ ತೆಂಗಿನ ತೋಟದ ಸುದ್ದಿಯೂ ಬಂತು. ಮುದುಕಿ ತಡೆದಳು. "ತೆಂಗಿನ ತೋಟವೇ? ಹಾಗಾದರೆ ನೀನು ಅವತ್ತು ಎಳನೀರು ಗೊತ್ತಿಲ್ಲ ಎಂದಿದ್ದು?" ಸುಸ್ತಾಗಿತ್ತು ಎಂದೆ. ಅವಳು ಬಾಯಿ ಬಿಟ್ಟು ನಕ್ಕಳು, ಎಲ್ಲರೂ ನಕ್ಕರು. ಸಾವಿನ ಮನೆಯಲ್ಲಿ ನಾನೂ ನಕ್ಕೆ. ಅಣ್ಣನೂ ನಗುತ್ತಿದ್ದ, ಅಲ್ಲವೇ?

ಎರಡು ದಿನಕ್ಕೆ ಗಾಳಿ ನಿಂತಿತು. ಶಾಲೆಯಲ್ಲಿ ರಜೆ ಕೊಟ್ಟರು. ನೀವು ಫೋನಿನಲ್ಲಿ "ಇನ್ಯಾಕೆ ಬತ್ತೀಯ" ಎಂದಿರಿ. ಸಿಟ್ಟಿಗೆ ಅಂದಿರೋ, ದಣಿದು ಅಂದಿರೋ ತಿಳಿಯಲಿಲ್ಲ. ಸಿಟ್ಟಿಗಾದರೆ ಬರಬೇಕಿತ್ತು. ಆದರೆ ನನ್ನ ಕಾಲು ಏಳಲಿಲ್ಲ. ಶರೀಫಾ ಅನ್ನ ಕಲಸಿ ಕೊಟ್ಟಳು, ತಿಂದು ಮಲಗಿದೆ.

ಈಗ ಒಂದು ಮಾತು. ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ. ಇನ್ನೂ ಎರಡು ವರ್ಷ ಇಲ್ಲೇ ಪಾಠ ಮಾಡಲು ಒಪ್ಪಿದ್ದೇನೆ. ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಮೊದಲಿನಿಂದ ಶುರುಮಾಡುವ ಶಕ್ತಿ ನನ್ನಲ್ಲಿಲ್ಲ. ಇಲ್ಲಿ ಈಗ ಸುಮ್ಮನೆ ಕೂತರೂ ನಡೆಯುತ್ತದೆ. ಮರಿಯಂ ಪಕ್ಕದಲ್ಲಿ ನನಗೂ ಒಂದು ಬಲೆಯ ಕುರ್ಚಿ ಹಾಕಿದ್ದಾರೆ. ನೀವು ಬೇಡವಾಗಿದ್ದಕ್ಕೆ ಇಲ್ಲಿ ಉಳಿಯುತ್ತಿದ್ದೇನೆ ಎಂದುಕೊಳ್ಳಬೇಡಿ.

ಬರುವ ರಜೆಗೆ ಊರಿಗೆ ಬರುತ್ತೇನೆ. ತಿಪಟೂರಿಗೆ ಯಾರನ್ನೂ ಕಳಿಸಬೇಡಿ, ಬಸ್ಸಿದೆ. ನೆಂಟರನ್ನು ಕರೆಸಬೇಡಿ. ಬಯ್ಯಬೇಕಾದ್ದನ್ನೆಲ್ಲ ಬಯ್ದುಬಿಡಿ, ಕೇಳಿಸಿಕೊಳ್ಳುತ್ತೇನೆ. ಆಮೇಲೆ ನಾವಿಬ್ಬರೇ ತೋಟಕ್ಕೆ ಹೋಗೋಣ. ಅಣ್ಣನನ್ನು ಯಾವ ಕಡೆ ಮಲಗಿಸಿದ್ದೀರಿ ಎಂಬುದು ನನಗೆ ಗೊತ್ತಿಲ್ಲ ಅತ್ತಿಗೆ. ನೀವೇ ಕರೆದುಕೊಂಡು ಹೋಗಿ ತೋರಿಸಬೇಕು.

ಹೊತ್ತಿಗೆ ಸರಿಯಾಗಿ ಉಣ್ಣಿ. ಶಿವ ನಿಮ್ಮನ್ನೂ ನಯನಳನ್ನೂ ತಣ್ಣಗೆ ಇಟ್ಟಿರಲಿ.

ನಿಮ್ಮ ಮನೆಯ ಮಗಳು,
ದಾನೇಶ್ವರಿ